ಇಬ್ಬರಿಗೆ ಮಾತ್ರ ಜಾಗ

"ಐದು ಗಂಟೆ," ಎಂದರು ಇನ್ಸ್‌ಪೆಕ್ಟರ್, ಗಡಿಯಾರದ ಕಡೆ ತಿರುಗದೆ ನನ್ನನ್ನೇ ನೋಡುತ್ತ. "ಐದು ಗಂಟೆಗೆ ನಿಮ್ಮ ಹುಡುಗೀನ ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ಅದೇನು ತೋರಿಸ್ತೀರೋ ತೋರಿಸಿ."

ಮಾತು ಮುಗಿಯುವಷ್ಟರಲ್ಲಿ ಅವರಿಗೆ ಸೀನು ಬಂತು. ಒಂದಲ್ಲ, ಮೂರು. ನನ್ನ ಗ್ರಂಥಾಲಯದ ಧೂಳು ಆ ಮನುಷ್ಯನಿಗೆ ಆಗಿಬರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಪರವಾಗಿ ಕೆಲಸ ಮಾಡುತ್ತಿದ್ದದ್ದು ಆ ಧೂಳೊಂದೇ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೇ ಮಹಡಿ, ರಸಾಯನಶಾಸ್ತ್ರ ವಿಭಾಗದ ಪುಸ್ತಕಗಳ ಹಿಂದಿನ ಸಣ್ಣ ಕೋಣೆ. ಬೆನ್ನಿಗೆ ಬೆನ್ನು ಕೊಟ್ಟು ಎರಡು ಕುರ್ಚಿ, ಎದುರೆದುರು ಗೋಡೆಗೆ ಎರಡು ಕಂಪ್ಯೂಟರ್; ಅಂದು ಹೊರಗಿಂದ ಎಳೆದುತಂದ ಇನ್ನೆರಡು ಕುರ್ಚಿ. ಇಪ್ಪತ್ತೆಂಟು ವರ್ಷದಿಂದ ಈ ಮಹಡಿ ನನ್ನದು. ನನ್ನ ಕೋಣೆಯಲ್ಲೇ ನಿಂತು ನನಗೇ ಗಡುವು ಹಾಕುವುದನ್ನು ಅಂದು ಮೊದಲ ಸಲ ಕೇಳಿದೆ.

ಅವರು 'ನಿಮ್ಮ ಹುಡುಗಿ' ಎಂದದ್ದು ನನ್ನ ತಂಗಿಯ ಮಗಳನ್ನು. ಮಂಗಳವಾರ ಈ ಕೋಣೆಯ ರಸಾಯನಶಾಸ್ತ್ರ ಡೇಟಾಬೇಸಿನಲ್ಲಿ ಅವಳ ಖಾತೆಯಿಂದ ಯಾರೋ ಒಂದು ವಿಷದ ವಿವರ ಹುಡುಕಿದರು. ಗುರುವಾರ ಅವಳ ಪಿಎಚ್.ಡಿ. ಗೈಡ್ ಮೇಷ್ಟ್ರು ಅದೇ ವಿಷ ಬೆರೆತ ತಮ್ಮ ಕಾಫಿ ಫ್ಲಾಸ್ಕಿನಿಂದ ಎರಡು ಗುಟುಕು ಕುಡಿದು ಲ್ಯಾಬಿನಲ್ಲೇ ಕುಸಿದರು. ಇವತ್ತು ಸೋಮವಾರ, ಅವರಿನ್ನೂ ಕಣ್ಣು ಬಿಟ್ಟಿಲ್ಲ.

ಹುಡುಗಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಏಳು ವರ್ಷದವಳಿದ್ದಾಗ, ತಂಗಿ ತೀರಿಕೊಂಡ ವಾರ, ಹೀಗೇ ಉಗುರು ಕಚ್ಚುತ್ತ ನನ್ನ ಮನೆಯ ಹೊಸ್ತಿಲು ದಾಟಿ ಬಂದವಳು. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ಅನ್ನುವುದು ನನಗೆ ನೆನಪಾಗುವುದೇ ಇಲ್ಲ.

"ಸುಮ್ನೆ ಟೈಮ್ ಹಾಳು ಮಾಡ್ಬೇಡಿ ಇನ್ಸ್‌ಪೆಕ್ಟ್ರೇ," ಎಂದಿತು ಬಾಗಿಲ ಬಳಿಯ ದನಿ. "ಮೂರು ದಿನದಿಂದ ಪಾಸ್‌ವರ್ಡ್ ಕೊಡಲ್ಲ ಅಂತ ಕೂತಿದ್ದಾಳೆ. ತಪ್ಪು ಮಾಡದೋರು ಹಾಗೆ ಮಾಡ್ತಾರಾ?"

ಇವರು ವಿಭಾಗದ ಮುಖ್ಯಸ್ಥರು. ವಿದ್ಯಾರ್ಥಿಗಳು ಇಟ್ಟ ಹೆಸರು ಗಂಟುಮೋರೆ; ಅದಕ್ಕಿಂತ ಒಪ್ಪುವ ಹೆಸರು ನನಗೂ ಹೊಳೆದಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಹುಡುಗಿಯನ್ನು ಜೀಪು ಹತ್ತಿಸುವುದನ್ನು ಕಣ್ಣಾರೆ ನೋಡಬೇಕೆಂದು ತಾವೇ ಬಂದಿದ್ದರು.

"ಬಂದಿದ್ದು ಒಳ್ಳೇದೇ ಆಯ್ತು ಸರ್," ಎಂದೆ. "ಕೂತ್ಕೊಳ್ಳಿ. ನಿಮ್ಮ ಕೆಲಸಾನೂ ಇದೆ."

ಗಂಟುಮೋರೆ ಇನ್ನೂ ಒಂದು ಸುತ್ತು ಗಂಟಾಯಿತು. ನಾನು ಅದನ್ನು ನೋಡಿ ಒಳಗೊಳಗೇ ಖುಷಿಪಟ್ಟೆ.

ಇನ್ಸ್‌ಪೆಕ್ಟರಿಗೆ ಮತ್ತೆ ಮೊದಲಿಂದ ಹೇಳಬೇಕಾಯಿತು. ಈ ಡೇಟಾಬೇಸಿನಲ್ಲಿ ಲೋಕದ ಯಾವ ಮೂಲೆಯಲ್ಲಿ ಯಾರು ಯಾವ ವಸ್ತು ತಯಾರಿಸಿದರು, ಅದು ಯಾವುದರಲ್ಲಿ ಕರಗುತ್ತದೆ, ಮೈಗೆ ಏನು ಮಾಡುತ್ತದೆ, ಎಲ್ಲ ಇದೆ. ಬೀದಿಯಲ್ಲಿ ಹೋಗುವವರಿಗೆ ಇದರ ಬಾಗಿಲು ತೆರೆಯುವುದಿಲ್ಲ. ವಿಶ್ವವಿದ್ಯಾಲಯದ ಇಮೇಲಿನಿಂದ ಹೆಸರು ನೋಂದಾಯಿಸಿ, ಈ ಎರಡು ಕಂಪ್ಯೂಟರಿನಿಂದಲೇ ಒಳಗೆ ಹೋಗಬೇಕು. ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಜಾಗ. ಎದ್ದು ಹೋಗುವವರು ಸೈನ್ ಔಟ್ ಮಾಡದಿದ್ದರೆ ಇಪ್ಪತ್ತು ನಿಮಿಷ ಖಾತೆ ತೆರೆದೇ ಇರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಆ ಕುರ್ಚಿಯಲ್ಲಿ ಯಾರು ಕೂತರೂ, ಡೇಟಾಬೇಸಿನ ಲೆಕ್ಕಕ್ಕೆ ಅವರೇ ಆ ಖಾತೆಯವರು.

"ಮಂಗಳವಾರ ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಕೆಳಗಿನ ಮಹಡಿ ಕೆಮಿಸ್ಟ್ರಿ ಲ್ಯಾಬಿಂದ ಫೋನ್ ಬಂತು, ಗ್ಯಾಸ್ ಸಿಲಿಂಡರ್ ಬಂದಿದೆ, ಅವಳನ್ನ ಕಳಿಸು ಅಂತ," ಎಂದೆ. "ನಾನೇ ಕಳಿಸ್ದೆ. ಅವಸರದಲ್ಲಿ ಸೈನ್ ಔಟ್ ಮಾಡೋದು ಮರೆತಳು. ಆಮೇಲೆ ನಾನೂ ಕೆಳಗೆ ಹೋದೆ. ದಿನಾ ಹನ್ನೊಂದಕ್ಕೆ ಅಂಚೆ ತರೋಕೆ ಹೋಗ್ತೀನಿ, ಬರೋದು ಕಾಲು ಗಂಟೆ. ಇಡೀ ಕಟ್ಟಡಕ್ಕೆ ಗೊತ್ತಿರೋ ವಿಷಯ."

"ಸಿಲಿಂಡರ್ ಬಂದಿತ್ತಾ?"

"ಮಧ್ಯಾಹ್ನ ಬಂತು."

"ಅಂದ್ರೆ ಅವಳು ಕೆಳಗೆ ಹೋಗಿ, ಸಿಲಿಂಡರ್ ಇಲ್ಲ ಅಂತ ವಾಪಸ್ ಬಂದು ಕೂತಿರಬಹುದು. ಖಾತೆ ಅವಳದು, ಕುರ್ಚಿ ಅವಳದು, ಮೇಷ್ಟ್ರ ಜೊತೆ ಜಗಳ ಆಡಿದ್ದೂ ಅವಳೇ. ದೊಡ್ಡಮ್ಮನ ಪ್ರೀತಿ ಕೋರ್ಟಲ್ಲಿ ನಡೆಯಲ್ಲ ಮೇಡಂ."

ಮುಖಕ್ಕೆ ಹೊಡೆದಂತಾಯಿತು. ಆದರೆ ಮಾತಿಗೆ ಮಾತು ಬೆಳೆಸಲು ನನ್ನಲ್ಲಿ ಸಮಯವಿರಲಿಲ್ಲ.

"ಅದಕ್ಕೇ ಹಿಸ್ಟರಿ ತೆಗೆಸ್ತೀನಿ ಅಂದಿದ್ದು," ಎಂದೆ. "ಡೇಟಾಬೇಸ್ ಕಂಪನಿಯೋರು ನಿಮಗೆ ಕಳಿಸಿದ್ದು ಯಾವ ಪುಟ ತೆಗೆದ್ರು ಅನ್ನೋದನ್ನ ಮಾತ್ರ. ಏನು ಹುಡುಕಿದ್ರು, ಹೇಗೆ ಹುಡುಕಿದ್ರು ಅನ್ನೋದು ಅವಳ ಖಾತೆ ಒಳಗಿರುತ್ತೆ. ತೆಗಿ ಪುಟ್ಟಿ."

ಹುಡುಗಿ ತಲೆ ಎತ್ತಿದಳು. "ಬೇಡ ದೊಡ್ಡಮ್ಮ."

ಬೆಳಿಗ್ಗೆಯಿಂದ ಇದೇ ರಾಗ. ಮನೆಯಲ್ಲಿ ಬೈದು, ಗೋಗರೆದು, ಕೊನೆಗೆ ತಂಗಿಯ ಹೆಸರು ಎತ್ತಿ ಆಣೆ ಹಾಕಿಸಿ ಒಪ್ಪಿಸಿದ್ದೆ. ಹೆದರಿದ್ದಾಳೆ ಅಂದುಕೊಂಡಿದ್ದೆ.

"ತೆಗಿ ಅಂದೆ."

ಅವಳು ನಿಧಾನವಾಗಿ ಪಾಸ್‌ವರ್ಡ್ ಹೊಡೆದಳು. ನಾನು ಪರದೆಯನ್ನು ಗಂಟುಮೋರೆಗೆ ಕಾಣದಂತೆ ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದೆ.

ಪಟ್ಟಿ ತೆರೆದುಕೊಂಡಿತು. ಸಾಲು ಸಾಲಾಗಿ ಚಿತ್ರಗಳು: ಆರು ಮೂಲೆಯ ಉಂಗುರಗಳು, ಅವಕ್ಕೆ ಅಂಟಿದ ಬಾಲಗಳು. ವಸ್ತುವಿನ ಹೆಸರು ಹೊಡೆದೂ ಹುಡುಕಬಹುದು, ಅದರ ರಚನೆಯನ್ನು ಗೀಚಿಯೂ ಹುಡುಕಬಹುದು. ಹೆಸರು ನಂಬಬೇಡ, ಬರೆದು ಹುಡುಕು ಎಂದು ಗೈಡ್ ಮೇಷ್ಟ್ರು ಇವಳ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ಎರಡು ವರ್ಷದ ಹುಡುಕಾಟದಲ್ಲಿ ಒಂದೇ ಒಂದು ಹೆಸರಿರಲಿಲ್ಲ.

ಮಂಗಳವಾರದವರೆಗೆ ಮಾತ್ರ. ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ: ಅಕ್ಷರಗಳಲ್ಲಿ ಹೊಡೆದ ಒಂದು ಉದ್ದನೆಯ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಓದುವವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಅದರೊಳಗೆ ಗಂಧಕದ ಇಂಗ್ಲಿಷ್ ಹೆಸರು ಸೇರಿಕೊಂಡಿದೆ ಎಂಬುದಷ್ಟು ಸಾಕು.

"ನೋಡಿ," ಎಂದೆ, ದನಿ ನನಗರಿವಿಲ್ಲದೆ ಏರಿತ್ತು. "ಎರಡು ವರ್ಷದಲ್ಲಿ ಇದೊಂದೇ ಹೆಸರು. ಇದು ಇವಳ ಕೈಯಲ್ಲ. ಅಲ್ಲಿ ನೋಡಿ, ಪಿ ಮತ್ತು ಎಚ್ ಇದೆ. ಈಗಿನ ಹುಡುಗರು ಅಲ್ಲಿ ಎಫ್ ಹಾಕ್ತಾರೆ. ಪಿ-ಎಚ್ ಹಾಕೋರು ಹಳೇ ಪುಸ್ತಕದಲ್ಲಿ ಓದಿದ ಹಳಬರು."

ಇನ್ಸ್‌ಪೆಕ್ಟರ್ ಮೂಗು ಒರೆಸಿಕೊಂಡರು. "ಎಷ್ಟು ಹಳಬರು?"

"ನನ್ನ ವಯಸ್ಸಿನೋರು," ಎಂದು ಗಂಟುಮೋರೆಯ ಕಡೆ ತಿರುಗಿದೆ. "ಇವರ ವಯಸ್ಸಿನೋರು."

ಅವರನ್ನು ನಾನೇ ಕೇಳಿಬಿಟ್ಟೆ.

"ಸರ್, ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಹೇಳಿದ್ದೀನಲ್ಲ ಪೊಲೀಸ್ರಿಗೆ. ಜ್ವರ ಇತ್ತು. ಮಧ್ಯಾಹ್ನದವರೆಗೂ ಮನೇಲಿದ್ದೆ."

ನಾನು ಮೇಜಿನ ಖಾನೆಯಿಂದ ಹಾಳೆ ತೆಗೆದೆ. ಎರಡು ಜಾಗಗಳಲ್ಲಿ ಯಾವಾಗ ಯಾರ ಖಾತೆ ತೆರೆದಿತ್ತು ಎಂಬ ವರದಿ. ಕಂಪನಿಯವರನ್ನು ಮೂರು ದಿನ ಪೀಡಿಸಿ ಅಂದು ಬೆಳಿಗ್ಗೆ ತರಿಸಿಕೊಂಡದ್ದು.

"ಮಂಗಳವಾರ ಹನ್ನೊಂದರಿಂದ ಹನ್ನೊಂದೂ ಮೂವತ್ತೈದು, ಮೊದಲನೇ ಜಾಗ, ನಿಮ್ಮ ಖಾತೆ. ನಿಮ್ಮ ಜ್ವರ ಇಲ್ಲಿಗೆ ಬಂದು ಕೂತಿತ್ತಾ ಸರ್?"

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಪೂರ್ತಿ ತಿರುಗಿಸಿದರು. ಈಗ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ.

"ನೀನು..." ಎಂದರು ಗಂಟುಮೋರೆ. ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. "ಪುಸ್ತಕ ಜೋಡಿಸೋಳು ನೀನು, ಪುಸ್ತಕ ಜೋಡಿಸು. ನನ್ನ ವಿಚಾರಣೆ ಮಾಡ್ತೀಯಾ?"

"ಅವರು ಮಾಡಲ್ಲ, ನಾನು ಮಾಡ್ತೀನಿ," ಎಂದರು ಇನ್ಸ್‌ಪೆಕ್ಟರ್. "ಯಾಕೆ ಸುಳ್ಳು ಹೇಳಿದ್ರಿ?"

ಅವರು ಉತ್ತರಿಸಲು ನಾನು ಬಿಡಲಿಲ್ಲ. ನಾನು ಒಂದು ಬಿಳಿ ಹಾಳೆ, ಪೆನ್ನು ಅವರ ಮುಂದೆ ತಳ್ಳಿದೆ. "ಆ ವಿಷದ ಹೆಸರು ನಿಮಗೆ ಗೊತ್ತು ಸರ್, ಇಡೀ ವಿಭಾಗಕ್ಕೆ ಗೊತ್ತು. ಬರೀರಿ. ಒಂದೇ ಸಲ." ನನ್ನ ಮಾತು ಕೇಳಿಸಿಕೊಂಡಿದ್ದರೂ ಕೈ ತನ್ನ ಹಳೇ ಚಾಳಿ ಬಿಡುವುದಿಲ್ಲ ಎಂಬ ಲೆಕ್ಕ ನನ್ನದು.

ಅವರು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು, ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ ಬರೆದು ಹಾಳೆಯನ್ನು ನನ್ನತ್ತ ಎಸೆದರು.

ಎಫ್.

ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೊಮ್ಮೆ ಓದಿದೆ.

"ಮೂವತ್ತು ವರ್ಷ ಹೊರಗಿನ ಜರ್ನಲ್‌ಗಳಿಗೆ ಬರೆದಿದ್ದೀನಿ ಕಣಮ್ಮ," ಎಂದರು. "ಪಿ-ಎಚ್ ಹಾಕಿದ್ರೆ ಕೆಂಪು ಮಸಿ ಬಳಿದು ವಾಪಸ್ ಕಳಿಸ್ತಿದ್ರು. ಯಾವತ್ತೋ ಬಿಟ್ಟಿದ್ದೀನಿ. ನೀನು ಮಾತ್ರ ಹಳೇ ಪುಸ್ತಕದಲ್ಲೇ ಉಳಿದಿದ್ದೀಯ."

ಅಷ್ಟಕ್ಕೇ ಬಿಡಲಿಲ್ಲ. ಎದ್ದು ಹೋಗಿ ಇನ್ನೊಂದು ಕಂಪ್ಯೂಟರಿನಲ್ಲಿ ತಮ್ಮ ಖಾತೆಯನ್ನೇ ತೆರೆದರು. ಮಂಗಳವಾರ ಹನ್ನೊಂದರಿಂದ ಹನ್ನೊಂದೂಕಾಲಿನವರೆಗೆ ನಿಮಿಷಕ್ಕೊಂದರಂತೆ ಹುಡುಕಾಟ. ಎಲ್ಲವೂ ಅವರದೇ ಪ್ರಬಂಧಗಳು.

"ಗೈಡು ನನ್ನ ಮೂರು ಪೇಪರ್ ಮೇಲೆ ದೂರು ಕೊಟ್ಟಿದ್ದ. ಜರ್ನಲ್‌ನೋರು ವಾಪಸ್ ತಗೊಂಡ್ರಾ ಅಂತ ನೋಡೋಕೆ ಕಳ್ಳನ ಹಾಗೆ ಬಂದಿದ್ದೆ." ದನಿ ಒಂದು ಕ್ಷಣ ಮುರಿಯಿತು. "ಸಮಾಧಾನ ಆಯ್ತಾ? ನಾಳೆ ಇಡೀ ಕಟ್ಟಡಕ್ಕೆ ಹೇಳು."

ಹೇಳುವ ಆಸೆ ನನಗಿರಲಿಲ್ಲ. ಮೂರು ದಿನದಿಂದ ಈ ಮನುಷ್ಯನೇ ಎಂದು ನಂಬಿ ಎದೆಗೆ ಧೈರ್ಯ ತುಂಬಿಕೊಂಡಿದ್ದೆ. ಈಗ ಅದು ಖಾಲಿಯಾಗಿ ಬರಿ ಹೆದರಿಕೆ ಉಳಿಯಿತು.

"ನಿಮ್ಮ ಹಿಂದಿನ ಕುರ್ಚೀಲಿ ಯಾರು ಕೂತಿದ್ರು?" ಇನ್ಸ್‌ಪೆಕ್ಟರ್ ಕೇಳಿದರು.

"ನೋಡಲಿಲ್ಲ. ನನ್ನ ಮುಖ ಯಾರಿಗೂ ಕಾಣಬಾರದಿತ್ತು, ತಿರುಗಲೇ ಇಲ್ಲ. ನಾನು ಕೂತು ಐದಾರು ನಿಮಿಷಕ್ಕೆ ಯಾರೋ ಬಂದು ಕೂತ್ರು. ಕೀಲಿಗೊಂಚಲು ಮೇಜಿನ ಮೇಲೆ ಇಟ್ಟ ಸದ್ದು ಬಂತು. ದೊಡ್ಡ ಗೊಂಚಲು. ಎದ್ದು ಹೋಗೋವಾಗ ಮತ್ತೆ ಅದೇ ಸದ್ದು."

"ಹೋದವಳೇ ವಾಪಸ್ ಬಂದಿರಬಹುದಲ್ಲ?"

"ಇರಬಹುದು."

ಕೀಲಿಗೊಂಚಲು ಈ ಕಟ್ಟಡದಲ್ಲಿ ಅರ್ಧ ಜನರ ಸೊಂಟದಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾವಲುಗಾರನ ಬಳಿ ಇದೆ, ಸ್ಟೋರಿನವನ ಬಳಿ ಇದೆ. ಉಪಕರಣಗಳ ಕೋಣೆ ನೋಡಿಕೊಳ್ಳುವ ನನ್ನ ಮಗನ ಬಳಿಯೂ ಇದೆ. ಸಂಜೆ ಮನೆಗೆ ಬಂದವನೇ ಮೊದಲು ಅದನ್ನು ಊಟದ ಮೇಜಿನ ಮೇಲೆ ಎಸೆಯುತ್ತಾನೆ, ನಾನು ದಿನವೂ ಬೈಯುತ್ತೇನೆ.

ಪಾಪ, ಗುರುವಾರದಿಂದ ಅವನು ಮನೆಗೇ ಬಂದಿಲ್ಲ. ಮೇಷ್ಟ್ರಿಗೆ ಹಿಂದುಮುಂದು ಯಾರಿಲ್ಲ ಎಂದು ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕದಲ್ಲೇ ಇದ್ದಾನೆ. 'ಕಾವಲಿಗೆ ಜನ ಸಾಲದು, ನಿಮ್ಮ ಮಗ ಇರೋದು ನಮಗೂ ಅನುಕೂಲ' ಎಂದು ಈ ಇನ್ಸ್‌ಪೆಕ್ಟರೇ ಹೊಗಳಿದ್ದರು. ಎಂ.ಎಸ್ಸಿ.ಯಲ್ಲಿ ಇದೇ ಮೇಷ್ಟ್ರು ಅವನನ್ನು ಎರಡು ಸಲ ಫೇಲ್ ಮಾಡಿ ಓದು ಬಿಡಿಸಿದ್ದರು. ಅದನ್ನೆಲ್ಲ ಮರೆತು ಸೇವೆ ಮಾಡುತ್ತಿದ್ದಾನಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ.

"ಇದೇನು ಮೇಡಂ?" ಇನ್ಸ್‌ಪೆಕ್ಟರ್ ಮತ್ತೆ ಹುಡುಗಿಯ ಖಾತೆಯ ಪಟ್ಟಿಗೆ ಬಂದಿದ್ದರು. "ಕೆಳಗೆ ಇನ್ನೊಂದು ಸಾಲಿದೆ. ಹನ್ನೊಂದೂ ಎಂಟಕ್ಕೆ. ಫಲಿತಾಂಶ ಸೊನ್ನೆ."

ಯಾರೋ ಹೆಸರನ್ನು ಮೊದಲು ತಪ್ಪಾಗಿ ಹೊಡೆದಿದ್ದರು. ಏನೂ ಸಿಗದೆ, ಎರಡು ನಿಮಿಷದ ನಂತರ ತಿದ್ದಿ ಹೊಡೆದಿದ್ದರು. ಕಂಪನಿಯವರು ಕಳಿಸಿದ್ದು ತೆರೆದ ಪುಟದ ವಿವರ ಮಾತ್ರ. ಏನೂ ತೆರೆಯದ ಹುಡುಕಾಟ ಅದರಲ್ಲಿ ಬಂದಿರಲಿಲ್ಲ.

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ.

ಅದೇ ಹೆಸರು. ಆದರೆ ನಾಲ್ಕು ತುಂಡಾಗಿ. ತುಂಡು ತುಂಡಿನ ನಡುವೆ ಒಂದೊಂದು ಓರೆಗೆರೆ.

"ಈ ಗೆರೆಗಳು ಯಾಕೆ? ರಸಾಯನಶಾಸ್ತ್ರದಲ್ಲಿ ಹೀಗೆ ಬರೀತಾರಾ?"

"ಯಾರೂ ಬರೆಯಲ್ಲ," ಎಂದರು ಗಂಟುಮೋರೆ, ಇಣುಕಿ ನೋಡಿ. "ಯಾವ ಪುಸ್ತಕದಲ್ಲೂ ಇಲ್ಲ. ಹುಚ್ಚರ ಕೆಲಸ."

ಹೌದು, ಯಾವ ಪುಸ್ತಕದಲ್ಲೂ ಇಲ್ಲ. ಅದು ನನ್ನ ಮನೆಯ ಊಟದ ಮೇಜಿನ ಮೇಲೆ ಹುಟ್ಟಿದ್ದು.

ಉದ್ದ ಹೆಸರು ಕಂಡರೆ ಮಕ್ಕಳು ಹೆದರುತ್ತಿದ್ದರು. ನಾನು ಪೆನ್ಸಿಲ್ ತೆಗೆದುಕೊಂಡು ಹೆಸರಿನ ನಡುನಡುವೆ ಓರೆಗೆರೆ ಹಾಕುತ್ತಿದ್ದೆ. 'ನೋಡ್ರೋ, ಇದೇನು ಒಂದೇ ತುತ್ತಿಗೆ ನುಂಗೋ ವಸ್ತೂನಾ? ಕತ್ತರಿಸಿ ತಿನ್ನಿ' ಅನ್ನುತ್ತಿದ್ದೆ. ನನ್ನ ಹಳೇ ಪುಸ್ತಕ, ನನ್ನ ಪಿ-ಎಚ್, ನನ್ನ ಓರೆಗೆರೆ. ಬರೆಯುವಾಗಲೂ ಗೆರೆ ಹಾಕಿಯೇ ಬರೆಯುವ ಚಾಳಿ ಬಿತ್ತು. ಆ ಮೇಜಿನ ಸುತ್ತ ಇದ್ದದ್ದು ಎರಡೇ ಕುರ್ಚಿ, ಎರಡೇ ಮಕ್ಕಳು.

ಪಿಎಚ್.ಡಿ. ಸೇರಿದ ಮೊದಲ ತಿಂಗಳೇ ಗೈಡ್ ಮೇಷ್ಟ್ರು ಹುಡುಗಿಯ ನೋಟ್‌ಬುಕ್ಕಿನಲ್ಲಿ ಆ ಗೆರೆಗಳನ್ನು ನೋಡಿ, 'ಇದೇನು ಹೆಸರೋ ಬೇಲಿನೋ' ಎಂದು ಎಲ್ಲರೆದುರು ಹಾಳೆ ಹರಿದರು. ಅವಳು ಮನೆಗೆ ಬಂದು ನನ್ನ ಮಡಿಲಲ್ಲಿ ಅತ್ತಳು. ಅಂದಿನಿಂದ ಅವಳ ಬರಹದಲ್ಲಿ ಒಂದು ಓರೆಗೆರೆ ಇಲ್ಲ, ಒಂದು ಪಿ-ಎಚ್ ಇಲ್ಲ.

ಇನ್ನೊಬ್ಬನನ್ನು ಯಾರೂ ತಿದ್ದಲಿಲ್ಲ. ತಿದ್ದುವಷ್ಟು ದೂರ ಅವನ ಓದೇ ಸಾಗಲಿಲ್ಲ.

ಮಂಗಳವಾರದ ಫೋನು ಕಿವಿಯಲ್ಲಿ ಮತ್ತೆ ಮೊಳಗಿತು. 'ಸಿಲಿಂಡರ್ ಬಂದಿದೆ, ಅವಳನ್ನ ಕಳಿಸಮ್ಮ.' ಅಮ್ಮ ಎಂದು ಕರೆಯುವವನ ದನಿಯನ್ನು ಯಾವ ತಾಯಿ ಅನುಮಾನದಿಂದ ಕೇಳುತ್ತಾಳೆ?

ನಾನು ಹುಡುಗಿಯ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡು. ಶುಕ್ರವಾರ ಪೊಲೀಸರು ಬರುವ ಮೊದಲೇ ಅವಳು ಈ ಪಟ್ಟಿ ತೆರೆದು ನೋಡಿದ್ದಳು ಎಂದು ಆಗ ನನಗೆ ಅರ್ಥವಾಯಿತು. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡದ್ದು ತನಗಾಗಿ ಅಲ್ಲ. ಬೇಡ ದೊಡ್ಡಮ್ಮ, ಬೇಡ ದೊಡ್ಡಮ್ಮ ಎಂದು ಬೆಳಿಗ್ಗೆಯಿಂದ ನನ್ನನ್ನು ಕಾಯುತ್ತಿದ್ದಳು. ನಾನು ಅವಳ ತಾಯಿಯ ಆಣೆ ಹಾಕಿಸಿ ಬಾಗಿಲು ಒಡೆದೆ.

"ಯಾರ ಅಭ್ಯಾಸ ಇದು? ನಿಮಗೆ ಗೊತ್ತು ಮೇಡಂ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಮುಖ ಹೇಳ್ತಿದೆ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ನಂದೇ ಸರ್," ಎಂದಳು ಹುಡುಗಿ.

"ಏನು?"

"ಗೆರೆ ಹಾಕೋ ಅಭ್ಯಾಸ ನಂದು. ಚಿಕ್ಕಂದಿನಿಂದ ಇದೆ. ದೊಡ್ಡಮ್ಮನೇ ಕಲಿಸಿದ್ದು, ಬೇಕಾದ್ರೆ ಕೇಳಿ. ಹುಡುಕಿದ್ದೂ ನಾನೇ, ಹಾಕಿದ್ದೂ ನಾನೇ."

"ಮೂರು ದಿನದಿಂದ ನಾನಲ್ಲ ಅಂತಿದ್ಯಲ್ಲಮ್ಮ?"

"ಸುಳ್ಳು ಹೇಳಿದ್ದೆ."

ಮೇಜಿನ ಕೆಳಗೆ ಅವಳ ಕೈ ನನ್ನ ಕೈ ಹಿಡಿಯಿತು. ಐಸಿನಂತೆ ತಣ್ಣಗಿತ್ತು. ಸುಮ್ಮನಿರು ಎಂದು ಗಟ್ಟಿಯಾಗಿ ಒತ್ತುತ್ತಿದ್ದಳು.

ಗಂಟುಮೋರೆ ನಿಟ್ಟುಸಿರು ಬಿಟ್ಟು ಎದ್ದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡರು. ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ನಾನು ಬಾಯಿ ತೆರೆದರೆ ಮಗ ಹೋಗುತ್ತಾನೆ, ಮುಚ್ಚಿದರೆ ಮಗಳು ಹೋಗುತ್ತಾಳೆ. ಇಷ್ಟು ವರ್ಷ ನಾಲಿಗೆ ಚುರುಕಿನ ಹೆಂಗಸು ಅನ್ನಿಸಿಕೊಂಡವಳು ನಾನು. ಮರದ ಗೊಂಬೆಯ ಹಾಗೆ ಕೂತಿದ್ದೆ.

ಆಗ ಮೇಜಿನ ಮೇಲಿದ್ದ ನನ್ನ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಎರಡೇ ಅಕ್ಷರ: ಮಗ.

ಹುಡುಗಿಯ ಕೈ ಬಿಗಿಯಾಯಿತು. ಅದು ಇನ್ಸ್‌ಪೆಕ್ಟರ್ ಕಣ್ಣಿಗೆ ಬಿತ್ತು.

"ಎತ್ತಿ ಮೇಡಂ," ಎಂದರು. "ಸ್ಪೀಕರ್ ಹಾಕಿ."

ನಾನು ಫೋನು ಮುಟ್ಟಲಿಲ್ಲ. ಅವರೇ ಒತ್ತಿದರು.

"ಅಮ್ಮಾ," ಎಂದ ಮಗ. ದಣಿದ ದನಿ, ಎಂದಿನ ಮೆದು ದನಿ. "ಮೇಷ್ಟ್ರು ಕಣ್ಣು ಬಿಟ್ರು. ಈಗ ತಾನೇ. ಏನೋ ಹೇಳೋಕೆ ನೋಡ್ತಿದ್ದಾರೆ, ಮಾತು ಸರಿಯಾಗಿ ಹೊರಡ್ತಿಲ್ಲ."

ಇನ್ಸ್‌ಪೆಕ್ಟರ್ ನನಗೆ ಮಾತಾಡಬೇಡಿ ಎಂದು ಕೈ ಎತ್ತಿದರು.

"ನರ್ಸ್ ಡಾಕ್ಟರನ್ನ ಕರೆಯೋಕೆ ಹೋದ್ರು. ಕೋಣೇಲಿ ನಾನೊಬ್ನೇ ಇದ್ದೀನಿ. ಪೊಲೀಸ್ರಿಗೆ ಇನ್ನೂ ಹೇಳ್ಬೇಡಮ್ಮ, ಬಂದು ಸುಸ್ತು ಮಾಡ್ತಾರೆ. ಬಾಯಾರಿಕೆ ಅಂತ ಸನ್ನೆ ಮಾಡ್ತಿದ್ದಾರೆ. ಒಂಚೂರು ನೀರು ಕುಡಿಸ್ತೀನಿ."

ಫೋನಿನೊಳಗೆ, ಆಸ್ಪತ್ರೆಯ ಕಬ್ಬಿಣದ ಮೇಜಿನ ಮೇಲೆ, ಕೀಲಿಗೊಂಚಲು ಝಣ್ ಎಂದಿತು.

ಬಾಗಿಲವರೆಗೆ ಹೋಗಿದ್ದ ಗಂಟುಮೋರೆ ಅಲ್ಲೇ ನಿಂತರು. "ಇದೇ," ಎಂದರು ಪಿಸುಮಾತಿನಲ್ಲಿ. "ಇದೇ ಸದ್ದು."

"ಕುಡಿಸ್ಬೇಡ!" ನಾನು ಕಿರುಚಿದೆ. "ಮಗಾ, ಬೇಡ, ಕುಡಿಸ್ಬೇಡ ಕಣೋ!"

ಫೋನು ಆಗಲೇ ಕಟ್ಟಾಗಿತ್ತು.